ಒಂದು ವರಸೆ ಕಲ್ಲು

ಆ ಬೆಳಿಗ್ಗೆ ಬಾಗಿಲ ಚೌಕಟ್ಟಿನ ಮುಂದೆ ನಿಂತು "ಇಷ್ಟೇ ಸಾಕು, ಇಟ್ಬುಡಿ" ಎಂದವರು ಯಾರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಣ್ಣ ಎಂದು ನನ್ನ ನೆನಪು. ನಾನು ಎಂದು ಅಣ್ಣನ ನೆನಪು. ಮೇಸ್ತ್ರಿಯನ್ನು ಕೇಳಿದರೆ "ಮನೆಯವ್ರು ಹೇಳಿದ್ರು ಸಾರ್" ಎನ್ನುತ್ತಾನೆ, ಯಾವ ಮನೆಯವರು ಎಂದರೆ ನಗುತ್ತಾನೆ. ಹೆಂಡತಿಯ ಪ್ರಕಾರ ಎಲ್ಲರೂ ಒಟ್ಟಿಗೆ ಕಿರುಚಾಡುತ್ತಿದ್ದೆವು, ಯಾರ ಬಾಯಲ್ಲಿ ಏನು ಬಂತು ಎಂದು ದೇವರಿಗೂ ಗೊತ್ತಿರಲಾರದು.

ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಒಬ್ಬ ಸಾಕ್ಷಿ ಏನನ್ನಾದರೂ ಹೇಳಿದರೆ, ಹಾಗೆ ಹೇಳುವುದರಿಂದ ಅವನಿಗೇನು ಲಾಭ ಎಂದು ಮೊದಲು ಕೇಳಿ ಎಂದು ಕೊರಟಗೆರೆಯ ಕಾಲೇಜಿನಲ್ಲಿ ಹುಡುಗರಿಗೆ ಪಾಠ ಮಾಡುತ್ತೇನೆ. ಈ ವಿಷಯದಲ್ಲಿ ನನ್ನ ನೆನಪಿಗೆ ಲಾಭವಿದೆ. ಅಣ್ಣನ ನೆನಪಿಗೂ ಇದೆ. ಹಾಗಾಗಿ ಎರಡನ್ನೂ ನಂಬದೆ, ನಂಬದೇ ಇರಲೂ ಆಗದೆ ಇದನ್ನು ಬರೆಯುತ್ತಿದ್ದೇನೆ.

ಮನೆ ಕಟ್ಟಲು ಹೊರಟದ್ದು ಅಪ್ಪನಿಗಾಗಿ. ಅಪ್ಪನಿಗೆ ಲಕ್ವ ಹೊಡೆದು ಎಡಗಡೆ ಸ್ವಾಧೀನ ತಪ್ಪಿತ್ತು. ಪಾವಗಡ ತಾಲ್ಲೂಕಿನಲ್ಲಿ, ಬಲಸಮುದ್ರದ ಕಡೆಯ ನಮ್ಮ ಹಳ್ಳಿಯಲ್ಲಿ ಅವನು ಅಣ್ಣನ ಜೊತೆ ಇದ್ದ. ನಾನು ಮಧುಗಿರಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೆ. ಅಪ್ಪನನ್ನು ನೋಡಿಕೊಂಡವನು ಅಣ್ಣ, ಓದಿ ಪಟ್ಟಣ ಸೇರಿದವನು ನಾನು. ಮದುವೆ ಮನೆಗಳಲ್ಲಿ ಊಟದ ಸಾಲಿನಲ್ಲಿ ಕೂತಾಗ ನೆಂಟರು ಇದನ್ನು ನೇರವಾಗಿ ಹೇಳುತ್ತಿರಲಿಲ್ಲ. "ನಿಮ್ಮಪ್ಪ ಹೆಂಗವ್ರಪ್ಪಾ? ನಿನಗೆಲ್ಲಿ ಗೊತ್ತಿರ್ತದೆ ಬುಡು, ನಿಮ್ಮಣ್ಣನ್ನ ಕೇಳ್ತೀನಿ" ಎನ್ನುತ್ತಿದ್ದರು. ಅಪ್ಪ ಇರುವಷ್ಟು ದಿನದಲ್ಲಿ ಒಮ್ಮೆಯಾದರೂ ಅವನು ನನ್ನ ಮನೆಯಲ್ಲಿರಬೇಕು, ನನ್ನ ಕೈಯಿಂದ ಉಣ್ಣಬೇಕು ಎಂಬ ಹಟ ನನಗೆ ಆ ಊಟದ ಸಾಲುಗಳಲ್ಲಿ ಹುಟ್ಟಿತು. ಅಪ್ಪನನ್ನು ಕೇಳಿದಾಗ ನಮ್ಮ ಮನೆಯ ತೆಲುಗಿನಲ್ಲಿ "ಇಲ್ಲು ಕಟ್ಟುರಾ, ವಸ್ತಾನು" ಎಂದಿದ್ದ. ಮನೆ ಕಟ್ಟು, ಬರ್ತೀನಿ ಎಂದು. ಅಷ್ಟು ಹೇಳಿದ್ದು ಖಂಡಿತ. ಅಥವಾ ಅಷ್ಟನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ.

ಮಧುಗಿರಿಯ ಅಂಚಿನ ಹೊಸ ಬಡಾವಣೆಯಲ್ಲಿ ನಮ್ಮದೊಂದು ಸೈಟಿತ್ತು. ಕಂಟ್ರಾಕ್ಟರುಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ. ಯಾರ ಮೇಲೆ ಇತ್ತು ಎಂದು ಕೇಳಿದರೆ ಉತ್ತರ ಕಷ್ಟ. ಸಾಮಾನೆಲ್ಲ ನಾನು ತಂದು ಹಾಕುವುದು, ಕೂಲಿ ಆಳುಗಳನ್ನು ಕರೆತಂದು ಕಟ್ಟುವುದು ಮಾತ್ರ ಮೇಸ್ತ್ರಿಯದು ಎಂದು ಮಾತಾಯಿತು. ಮೇಸ್ತ್ರಿ ಶಿರಾದವನು, ಒಳ್ಳೆಯ ಮಾತುಗಾರ, ಒಪ್ಪಿಕೊಂಡ ದಿನ ಬಾರದೆ ಒಪ್ಪಿಕೊಳ್ಳದ ದಿನ ಬರುವವನು. "ನೀವು ನಿಂತ್ಕೊಂಡು ನೋಡ್ತಾ ಇರಿ ಸಾರ್, ಅರಮನೆ ಮಾಡ್ಬುಡ್ತೀನಿ" ಎಂದಿದ್ದ.

ನಿಂತುಕೊಂಡು ನೋಡುವುದು ಎಂದರೇನು ಎಂದು ತಳಪಾಯ ತೆಗೆದ ವಾರವೇ ಗೊತ್ತಾಯಿತು. ಬೆಳಿಗ್ಗೆ ಕಾಲೇಜಿಗೆ ಮುಂಚೆ ಸೈಟು, ಸಂಜೆ ಕೊರಟಗೆರೆಯಿಂದ ಬಂದವನೇ ಸೈಟು, ನಡುವೆ ಪಾಠದ ಮಧ್ಯೆ ಮೇಜಿನ ಮೇಲೆ ನಡುಗುವ ಫೋನು. ನೀರಿನ ಟ್ಯಾಂಕರು ಬಂದಿಲ್ಲ. ಮರಳು ಬಂದಿದೆ, ಆದರೆ ಪಕ್ಕದವರ ಗೇಟಿಗೆ ಅಡ್ಡ ಸುರಿದು ಹೋಗಿದ್ದಾರೆ. ಸಿಮೆಂಟು ಬಂದಿದೆ, ಮುಚ್ಚಲು ಟಾರ್ಪಾಲು ಇಲ್ಲ, ಮೋಡ ಕಟ್ಟಿದೆ. ಮುಂದೆ ಗೋಡೆಗಳು ಎದ್ದು ಅವುಗಳಲ್ಲಿ ಪೈಪು ಕೂರಿಸಿದ ಮೇಲೆ ಕರೆಂಟಿನವನು ಬಂದು ಅದೇ ಜಾಗವನ್ನು ಕೊರೆದು ಪೈಪು ಒಡೆದ.

"ಇಲ್ಲಿ ಪೈಪ್ ಐತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಪ್ಲಂಬರ್ ಹೇಳ್ಬೇಕಿತ್ತು."

"ನಾನ್ಯಾಕೆ ಹೇಳ್ಲಿ? ಅವನೇನು ನಂಗೆ ಬಾವನಾ? ಓನರ್ ಹೇಳ್ಬೇಕು."

ಇಬ್ಬರೂ ನನ್ನ ಮುಖ ನೋಡಿದರು. ಆಮೇಲೆ ಒಂದೇ ಬೀಡಿ ಹಂಚಿಕೊಂಡು ಸೇದಿದರು.

ಇನ್ನೊಂದು ದಿನ ಕಾಂಕ್ರೀಟು ಹೊರುತ್ತಿದ್ದ ಹೆಂಗಸೊಬ್ಬಳ ಪಾದಕ್ಕೆ ಹಲಗೆಯ ಮೊಳೆ ನಾಟಿತು. ಮೇಸ್ತ್ರಿಗೆ ಫೋನು ಮಾಡಿದರೆ ಶಿರಾದಲ್ಲಿದ್ದ. "ಆಸ್ಪತ್ರೆಗೆ ಕರ್ಕೊಂಡೋಗಿ ಸಾರ್. ಸೈಟು ನಿಮ್ದಲ್ವಾ?" ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ನೋವಿಗೆ ಅಳದೆ, "ನಾಳೆ ಬೇರೆಯವ್ಳನ್ನ ಇಟ್ಕಂಬೇಡಿ ಸಾಮಿ, ನಾನೇ ಬತ್ತೀನಿ" ಎನ್ನುತ್ತಿದ್ದಳು. ಸೈಟು ನನ್ನದು ಎಂಬ ಮಾತಿನ ಅರ್ಥ ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ತಿಳಿಯಿತು. ಬಿದ್ದವರು, ಒಡೆದದ್ದು, ಕದ್ದದ್ದು, ಮರೆತದ್ದು ಎಲ್ಲ ನನ್ನದು. ಕಂಟ್ರಾಕ್ಟರಿಗೆ ಕೊಡುವುದು ಕೆಲಸಕ್ಕೆ ಕೂಲಿ ಎಂದು ನಾನು ತಿಳಿದಿದ್ದೆ. ಬೈಸಿಕೊಳ್ಳುವುದಕ್ಕೂ ಅದರಲ್ಲೇ ಕೂಲಿ ಸೇರಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಬಾಗಿಲು ನಿಲ್ಲಿಸುವ ಪೂಜೆ ಗೋಡೆಗಳಿಗಿಂತ ಮೊದಲಿನದು, ಅದು ಆಷಾಢಕ್ಕೆ ಮುಂಚೆ ಆಗಬೇಕಿತ್ತು. ನಮ್ಮ ಕಡೆ ಗೋಡೆ ಏಳುವ ಮೊದಲು ತಲೆಬಾಗಿಲಿನ ಚೌಕಟ್ಟನ್ನು ಮುಹೂರ್ತ ನೋಡಿ ನಿಲ್ಲಿಸುತ್ತಾರೆ. ಹೊಸ್ತಿಲ ಕೆಳಗೆ ನವಧಾನ್ಯ, ಒಂದು ನಾಣ್ಯ, ಚೂರು ಬೆಳ್ಳಿ ಇಟ್ಟು ಮುಚ್ಚುತ್ತಾರೆ. ಅಲ್ಲಿಂದಾಚೆಗೆ ಆ ಹೊಸ್ತಿಲನ್ನು ಕದಲಿಸುವಂತಿಲ್ಲ. ಕದಲಿಸಿದರೆ ಮನೆಯ ಹಿರಿಯರಿಗೆ ಆಗುವುದಿಲ್ಲ ಎನ್ನುತ್ತಾರೆ. ಇಡೀ ಮನೆಯ ನೆಲ ಆ ಹೊಸ್ತಿಲನ್ನು ನೋಡಿಕೊಂಡೇ ಬರುವುದರಿಂದ, ಮನೆ ಎಷ್ಟು ಎತ್ತರದಲ್ಲಿ ಕೂರುತ್ತದೆ ಎನ್ನುವುದು ಆ ಬೆಳಿಗ್ಗೆಯೇ ತೀರ್ಮಾನವಾಗುತ್ತದೆ. ತೀರ್ಮಾನಿಸುವವರು ಯಾರು ಎಂಬುದಕ್ಕೆ ಮಾತ್ರ ಶಾಸ್ತ್ರವಿಲ್ಲ.

ಆ ದಿನ ತಳಪಾಯದ ಮುಂಭಾಗದಲ್ಲಿ ಒಂದು ವರಸೆ ಕಲ್ಲು, ಎಂದರೆ ಒಂದು ಕಲ್ಲಿನೆತ್ತರದ ಒಂದು ಸಾಲು, ಕಡಿಮೆ ಇತ್ತು. ಹಿಂದಿನ ವಾರ ಬಂದ ಲೋಡಿನಲ್ಲಿ ಅರ್ಧ ಕಲ್ಲುಗಳ ಮೂಲೆ ಒಡೆದಿತ್ತೆಂದು ನಾನು ವಾಪಸು ಕಳಿಸಿದ್ದೆ. ಹೊಸ ಲೋಡು ಬರಲಿಲ್ಲ. ಬಂದಿದ್ದರೂ ಕಟ್ಟಲು ಮೇಸ್ತ್ರಿ ಇರಲಿಲ್ಲ. ಆ ವಾರವೆಲ್ಲ ಅವನು ಶಿರಾದಲ್ಲಿ ಇನ್ನೊಬ್ಬರ ಮನೆಗೆ ಛಾವಣಿ ಹಾಕುತ್ತಿದ್ದು, ಪೂಜೆಯ ಬೆಳಿಗ್ಗೆ ಬಂದಿದ್ದ.

ಅಣ್ಣ ಹಳ್ಳಿಯಿಂದ ಕಾರು ಮಾಡಿಕೊಂಡು ಅಪ್ಪನನ್ನು ಕರೆತಂದಿದ್ದ. ಅಪ್ಪ ಬಿಳಿ ಪಂಚೆ ಉಟ್ಟು, ಪಕ್ಕದ ಸೈಟಿನ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. ಚೌಕಟ್ಟಿಗೆ ಅರಿಶಿನ ಹಚ್ಚಿ ಮಾವಿನ ಸೊಪ್ಪು ಕಟ್ಟಿ ಆಗಿತ್ತು. ಮೇಸ್ತ್ರಿ ತಳಪಾಯದ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆ ಕೆರೆದುಕೊಂಡ.

"ಮುಂದ್ಗಡೆ ಇನ್ನೊಂದು ವರಸೆ ಬರ್ಬೇಕಿತ್ತಲ್ಲ ಸಾರ್."

"ಅದು ಈಗ ಗೊತ್ತಾಯ್ತೇನಯ್ಯಾ ನಿಂಗೆ?"

"ಕಲ್ಲು ವಾಪಸ್ ಕಳ್ಸಿದ್ದು ನೀವು. ನಾನೇನು ಜೇಬಲ್ಲಿ ಇಟ್ಕೊಂಡು ಬರ್ಲಾ?"

ಪುರೋಹಿತರು ಗಡಿಯಾರ ನೋಡಿದರು. "ಯಜಮಾನ್ರೇ, ಒಳ್ಳೆ ಹೊತ್ತು ಮುಗೀತಾ ಬಂತು. ಆಗಲ್ಲ ಅಂದ್ರೆ ಶ್ರಾವಣಕ್ಕೆ ಇಟ್ಕೊಳಿ. ನಂದೇನಿಲ್ಲ." ಅವರು ಇನ್ನೊಂದು ಪೂಜೆಗೆ ಹೋಗಬೇಕಿತ್ತು ಎಂದು ಅವರ ಕಾಲುಗಳೇ ಹೇಳುತ್ತಿದ್ದವು.

ಮೇಸ್ತ್ರಿ ಎದ್ದ. "ಈಗ ಇಡನ. ಆಮೇಲೆ ಜಾಕಿ ಕೊಟ್ಟು ಎತ್ಬುಡನ. ಐದು ನಿಮಿಷದ ಕೆಲ್ಸ."

ಆಗ ಆ ಮಾತು ಬಂತು. "ಎತ್ತದೂ ಬ್ಯಾಡ ಇಳ್ಸದೂ ಬ್ಯಾಡ. ಅಪ್ಪನ ಕೈಲಿ ಮೆಟ್ಲು ಹತ್ತಕ್ಕಾಗಲ್ಲ. ಇಷ್ಟೇ ಸಾಕು, ಇಟ್ಬುಡಿ."

ನನ್ನ ಕಿವಿಯಲ್ಲಿ ಈ ದನಿ ಅಣ್ಣನದು. ಭಾಷೆಯೂ ಅವನದೇ. ಆದರೆ ಸಿಟ್ಟು ಬಂದಾಗ ನಾನೂ ಹಾಗೇ ಮಾತಾಡುತ್ತೇನೆ. ವಿಶ್ವವಿದ್ಯಾಲಯದ ಕನ್ನಡ ನನ್ನಲ್ಲಿ ಸಮಾಧಾನ ಇರುವವರೆಗೆ ಮಾತ್ರ ಇರುತ್ತದೆ. ಅಪ್ಪ ಕುರ್ಚಿಯಲ್ಲಿ ಕೂತು ಇದನ್ನು ಕೇಳಿಸಿಕೊಂಡ, ಏನೂ ಹೇಳಲಿಲ್ಲ. ಅದನ್ನು ಚೆನ್ನಾಗಿ ಬಲ್ಲೆ, ಏಕೆಂದರೆ ಆ ಕ್ಷಣ ನಾನು ಅವನ ಕಡೆ ನೋಡಿದ್ದೆ. ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಳ್ಳುತ್ತಿದ್ದ. ಪುರೋಹಿತರು ಮಂತ್ರ ಶುರು ಮಾಡಿದರು. ತೆಂಗಿನಕಾಯಿ ಒಡೆಯಿತು. ಹೊಸ್ತಿಲು ಕೂತಿತು.

ನಾಲ್ಕಾರು ದಿನ ಕಳೆದು ಕಲ್ಲು ಬಂದಾಗ ಮೇಸ್ತ್ರಿಗೆ ಜಾಕಿಯ ಮಾತು ನೆನಪಿಸಿದೆ. ರಸ್ತೆ ಆಗ ಮಣ್ಣಿನದು. ಎಂದಾದರೂ ಡಾಂಬರೋ ಕಾಂಕ್ರೀಟೋ ಬಿದ್ದು ನಮ್ಮ ಹೊಸ್ತಿಲಿಗಿಂತ ಮೇಲೇರುತ್ತದೆ ಎಂದು ಊಹಿಸಲು ಯಾವ ಓದೂ ಬೇಕಿರಲಿಲ್ಲ.

"ತೌಬಾ ಸಾರ್. ಪೂಜೆ ಆಗಿರೋ ಹೊಸ್ತಿಲು. ನಾನು ಮುಟ್ಟಲ್ಲ."

"ನೀನೇ ಹೇಳಿದ್ದಲ್ಲಯ್ಯಾ, ಐದು ನಿಮಿಷ ಅಂತ?"

"ಅದು ಪೂಜೆಗೆ ಮುಂಚೆ."

"ನಮಾಜು ಮಾಡೋ ನಿನಗೆ ನಮ್ಮ ಹೊಸ್ತಿಲಿಂದ ಏನಯ್ಯಾ ಆಗೋದು?"

"ನಂಗೇನೂ ಆಗಲ್ಲ ಸಾರ್. ನಿಮ್ಮ ತಂದೆಯೋರು ಹುಷಾರಿಲ್ದೆ ಅವ್ರೆ. ನಾಳೆ ಹೆಚ್ಚುಕಮ್ಮಿ ಆಯ್ತು ಅನ್ಕೊಳಿ, ಇಡೀ ಮಧುಗಿರಿ ಏನನ್ನುತ್ತೆ? ಆ ಸಾಬಿ ಎತ್ತಿದ ಅನ್ನುತ್ತೆ. ನೀವೇ ಎತ್ಕೊಳಿ, ಜಾಕಿ ಬೇಕಾದ್ರೆ ಕೊಡ್ತೀನಿ."

ಅವನ ಮಾತಿನಲ್ಲಿ ಭಕ್ತಿ ಇರಲಿಲ್ಲ, ಲೆಕ್ಕಾಚಾರ ಇತ್ತು. ಅಣ್ಣನಿಗೆ ಫೋನು ಮಾಡಿದೆ.

"ಎತ್ಕ ಹೋಗ್ಲಾ. ನೀನು ಓದಿದೋನು. ಅಪ್ಪಂಗೇನಾರ ಆದ್ರೆ ನಿನ್ನ ಪುಸ್ತಕದಾಗೆ ನೋಡ್ಕ, ಯಾಕಾಯ್ತು ಅಂತ."

ಹೊಸ್ತಿಲ ಕೆಳಗಿನ ಕಾಳುಗಳಿಗೂ ಅಪ್ಪನ ಮೆದುಳಿನ ರಕ್ತನಾಳಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಕಾಲೇಜಿನಲ್ಲಿ ಇಂಥ ನಂಬಿಕೆಗಳ ಬಗ್ಗೆ ಇಡೀ ಒಂದು ಗಂಟೆ ಮಾತಾಡಬಲ್ಲೆ. ಆ ಸಂಜೆ ಆಳುಗಳೆಲ್ಲ ಹೋದ ಮೇಲೆ ಹೊಸ್ತಿಲ ಹತ್ತಿರ ಕೂತು ಅದರ ಕೆಳಗಿನ ಗಾರೆಯನ್ನು ಉಗುರಿನಿಂದ ಕೆರೆದು ನೋಡಿದೆ. ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ನನಗೆ ನಂಬಿಕೆ ಇರಲಿಲ್ಲ. ಅಪ್ಪನ ಮೇಲೆ ಪ್ರಯೋಗ ಮಾಡಿ ನೋಡುವಷ್ಟು ಅಪನಂಬಿಕೆಯೂ ಇರಲಿಲ್ಲ. ಎದ್ದು ಕೈ ತೊಳೆದುಕೊಂಡು ಬಂದೆ.

ಮಿಕ್ಕ ಮನೆ ಆ ಹೊಸ್ತಿಲನ್ನು ನೋಡಿಕೊಂಡು ಎದ್ದಿತು. ಗೃಹಪ್ರವೇಶಕ್ಕೆ ಬಂದ ಅಪ್ಪ ಉಳಿದುಕೊಂಡ. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಅವನ ಮಂಚ. ಕಿಟಕಿಯಾಚೆ ಬೆಟ್ಟ. ಅಪ್ಪನಿಗೆ ಬೆಟ್ಟದ ಮೇಲೆ ಆಸಕ್ತಿ ಇರಲಿಲ್ಲ, ರಸ್ತೆಯಲ್ಲಿ ಯಾರು ಹೋದರು, ಯಾರು ಬಂದರು ಎಂಬುದರ ಮೇಲಿತ್ತು. ಬೆಳಿಗ್ಗೆ ನಾನೇ ರಾಗಿ ಅಂಬಲಿ ಕುಡಿಸುತ್ತಿದ್ದೆ. ಹೆಂಡತಿ "ಮಾವಂಗೆ ಬಲಗೈ ಚೆನ್ನಾಗೇ ಇದೆ ಕಣ್ರೀ, ಅವರೇ ಕುಡೀತಾರೆ ಬಿಡಿ" ಎನ್ನುತ್ತಿದ್ದಳು. ನಾನು ಬಿಡುತ್ತಿರಲಿಲ್ಲ. ನೆಂಟರೊಬ್ಬರು ಬಂದು ನೋಡಿಕೊಂಡು ಹೋದ ದಿನ ನನಗಾದ ಸಂತೋಷವನ್ನು ಬರೆಯಲು ಈಗ ಮನಸ್ಸಿಲ್ಲ.

ಆಮೇಲೆ ರಸ್ತೆಗೆ ಕಾಂಕ್ರೀಟು ಬಿತ್ತು. ಹಳೆಯ ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಕಾಂಕ್ರೀಟು. ಅಕ್ಕಪಕ್ಕದವರು ಮೊದಲೇ ಎತ್ತರಿಸಿ ಕಟ್ಟಿಕೊಂಡಿದ್ದರು. ನಮ್ಮ ಮನೆಯೊಂದು ರಸ್ತೆಯಿಂದ ಇಳಿದು ಒಳಗೆ ಬರುವ ಮನೆಯಾಯಿತು. ಎದುರು ಮನೆಯಾತ ಗೇಟಿಗೆ ಒರಗಿ ನಿಂತು, "ಏನ್ ಸಾರ್, ಮನೇನ ನೆಲಮಾಳಿಗೆ ಥರ ಡಿಸೈನ್ ಮಾಡಿಸಿದೀರಾ? ಬೇಸಿಗೇಲಿ ತಂಪಿರ್ತದೆ ಬುಡಿ" ಎಂದ.

ಮಳೆ ಬಂದದ್ದು ಒಂದು ಮಧ್ಯಾಹ್ನ. ನಾನು ಕಾಲೇಜಿನಲ್ಲಿ, ಹೆಂಡತಿ ತಾನು ಪಾಠ ಮಾಡುವ ಶಾಲೆಯಲ್ಲಿ. ಎದುರು ಮನೆಯಾತನೇ ಫೋನು ಮಾಡಿದ. ಈ ಸಲ ತಮಾಷೆ ಮಾಡಲಿಲ್ಲ. ಕೊರಟಗೆರೆಯಿಂದ ಮಳೆಯಲ್ಲೇ ಬೈಕು ಓಡಿಸಿಕೊಂಡು ಬಂದೆ. ರಸ್ತೆಯ ನೀರೂ ಚರಂಡಿಯ ನೀರೂ ಕೂಡಿಕೊಂಡು ಹೊಸ್ತಿಲು ದಾಟಿ ಒಳಗೆ ನಿಂತಿದ್ದವು. ಅಪ್ಪನ ಚಪ್ಪಲಿ ಒಂದು ಇಲ್ಲಿ ಒಂದು ಅಲ್ಲಿ ತೇಲುತ್ತಿತ್ತು. ಅಪ್ಪ ಮಂಚದಿಂದ ಇಳಿಯಲು ಹೋಗಿ ಜಾರಿ ನೀರಿನಲ್ಲಿ ಬಿದ್ದಿದ್ದನಂತೆ. ನಾನು ಬರುವ ಹೊತ್ತಿಗೆ ಎದುರು ಮನೆಯವರು ಅವನನ್ನು ಎತ್ತಿ ತಮ್ಮ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಯಾರದೋ ಲುಂಗಿ ಉಡಿಸಿದ್ದರು. ಮೂಳೆ ಮುರಿದಿರಲಿಲ್ಲ. ಮೊಣಕೈ ತರಚಿತ್ತು. ಅಪ್ಪ ನನ್ನ ಮುಖ ನೋಡದೆ ನಮ್ಮ ಬಾಗಿಲನ್ನೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಅಣ್ಣ ಬಂದ. ಒಳಗೆ ಬರಲಿಲ್ಲ. ರಸ್ತೆಯ ಮೇಲೆ ನಿಂತು ಕೆಳಗೆ ನಮ್ಮ ಮನೆಯನ್ನು ನೋಡಿದ.

"ಚರಂಡಿ ನೀರಾಗೆ ಕೂರ್ಸಕ್ಕೇನ್ಲಾ ಅಪ್ಪನ್ನ ಕರ್ಕೊಂಬಂದಿದ್ದು?"

"ನೀನೇ ಅಲ್ವಾ ಅವತ್ತು ಇಷ್ಟೇ ಸಾಕು ಅಂದಿದ್ದು?"

"ನಾನಾ?" ಅಣ್ಣ ನಿಜಕ್ಕೂ ಬೆರಗಾದಂತೆ ಕಂಡ. "ಲೇ, ನಂಗೇನ್ ಗೊತ್ತು ನಿನ್ ಮನೆ ಎತ್ತರ? ಅಪ್ಪನ ಕೈಲಿ ಹತ್ತಕ್ಕಾಗಲ್ಲ ಅಂತ ಬಾಯಿ ಬಡ್ಕಂಡೋನು ನೀನು."

"ಸುಳ್ಳು ಹೇಳ್ಬೇಡ ಅಣ್ಣ."

"ಅವ್ನ ಕೇಳು ಹೋಗು, ಆ ಮೇಸ್ತ್ರಿನ. ಇಲ್ದಿದ್ರೆ ಕಾಂಟ್ರಾಕ್ಟರ್ನ ಬೈಯಿ. ಓ, ಕಾಂಟ್ರಾಕ್ಟರೂ ನೀನೇ ಅಲ್ವಾ."

ಹೆಂಡತಿ ಇಬ್ಬರಿಗೂ ಕಾಫಿ ತಂದಿದ್ದಳು. ಅಣ್ಣ ಅದನ್ನು ರಸ್ತೆಯ ಮೇಲೇ ನಿಂತು ಕುಡಿದು ಲೋಟ ಅವಳ ಕೈಗೆ ಕೊಟ್ಟ. ಅಪ್ಪನ ಹಾಸಿಗೆ ನೀರು ಕುಡಿದು ಹಾಳಾಗಿತ್ತು, ಅದನ್ನು ಬಿಟ್ಟು ಅಪ್ಪನನ್ನು ಮಾತ್ರ ಕಾರಿನಲ್ಲಿ ಕೂರಿಸಿಕೊಂಡು ಹೋದ. ಅಪ್ಪ ಬೇಡ ಎನ್ನಲಿಲ್ಲ. ನಾನು ಕಾಯುತ್ತಿದ್ದೆ, ಅನ್ನಲಿಲ್ಲ.

ನಾನು ಸುಮ್ಮನೆ ಕೂರುವವನಲ್ಲ. ಗೇಟಿನ ಒಳಗೆ ರಸ್ತೆಯಿಂದ ನೀರು ಬಾರದ ಹಾಗೆ ಅಡ್ಡಲಾಗಿ ಒಂದು ಗಿಡ್ಡ ಗೋಡೆ ಕಟ್ಟಿಸಿದೆ. ದಾಟಿ ಬರಲು ಆಚೆಗೊಂದು ಈಚೆಗೊಂದು ಇಳಿಜಾರು ಮಾಡಿಸಿದೆ. ಅಂಗಳದ ನೀರು ಹಿಂದಕ್ಕೆ ಹೋಗಲು ಪೈಪು ಹಾಕಿಸಿದೆ. ಮುಂದಿನ ಮಳೆಗೆ ಒಂದು ಹನಿಯೂ ಒಳಗೆ ಬರಲಿಲ್ಲ. ಅಪ್ಪನಿಗೆಂದು ಗಾಲಿ ಕುರ್ಚಿಯೊಂದನ್ನು ತಂದು ಇಳಿಜಾರಿನ ಮೇಲೆ ತಳ್ಳಿ ನೋಡಿದೆ. ಹೆಂಡತಿಯನ್ನು ಅದರಲ್ಲಿ ಕೂರಿಸಿ ತಳ್ಳಿದೆ. ಎದುರು ಮನೆಯಾತ ಕೈ ಬೀಸಿದ. ನಂತರ ಕಾರು ಮಾಡಿಕೊಂಡು ಅಪ್ಪನನ್ನು ಕರೆತರಲು ಹೊರಟೆ.

ಪಾವಗಡ ದಾಟಿ ವಳ್ಳೂರಿನ ಹತ್ತಿರ ಬರುತ್ತಿದ್ದಂತೆ ಎರಡೂ ಕಡೆ ಸೋಲಾರ್ ಹಲಗೆಗಳು. ಆ ಹಲಗೆಗಳ ಕೆಳಗಿನ ನೆಲದಲ್ಲಿ ಗುತ್ತಿಗೆಗೆ ಕೊಟ್ಟ ನಮ್ಮದೂ ಒಂದಷ್ಟಿದೆ. ಯಾವುದು ಎಂದು ಈಗ ಗುರುತು ಹಿಡಿಯಲಾರೆ. ಬರುತ್ತೇನೆಂದು ಮೊದಲೇ ತಿಳಿಸಿದರೆ ಅಣ್ಣ ಅಪ್ಪನನ್ನು ಒಪ್ಪದ ಹಾಗೆ ಮಾಡಿ ಇಡಬಹುದು ಎಂದು ಹೇಳದೆ ಹೋಗಿದ್ದೆ.

ಅಣ್ಣ ಮನೆಯಲ್ಲಿರಲಿಲ್ಲ. ಅಪ್ಪ ಒಳಗೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅತ್ತಿಗೆ ಕಡ್ಲೆಕಾಯಿ ಸುಲಿಯುತ್ತಿದ್ದವರು ಮೊರ ಪಕ್ಕಕ್ಕಿಟ್ಟು ಎದ್ದರು. ನಾನು ಗೋಡೆಯ ವಿಷಯ, ಪೈಪಿನ ವಿಷಯ, ಇಳಿಜಾರಿನ ವಿಷಯ ಎಲ್ಲ ಹೇಳಿದೆ. ಫೋನಿನಲ್ಲಿ ತೋರಿಸಿದೆ. ಅಪ್ಪ ಒಂದೊಂದನ್ನೂ ನೋಡಿದ.

"ಈಗ ನೀರು ಬರಲ್ಲಪ್ಪಾ. ಹೋಗೋಣ ಬಾ."

"ವದ್ದುರಾ," ಎಂದ ಅಪ್ಪ. ಬೇಡ ಕಣೋ ಎಂದು. ಕೋಪದಿಂದ ಹೇಳಲಿಲ್ಲ. ಊಟಕ್ಕೆ ಎರಡನೇ ಸಲ ಬಡಿಸಲು ಬಂದವರಿಗೆ ಹೇಳುವಂತೆ ಹೇಳಿದ.

"ಯಾಕಪ್ಪಾ?"

ಅವನು ಬಲಗೈಯಿಂದ ಗೋಡೆ ಹಿಡಿದು ಎದ್ದ. ಹಿಂಬಾಗಿಲ ಕಡೆಗೆ ನಡೆದ. ಎಡಗಾಲನ್ನು ಎಳೆಯುತ್ತಾ, ಆದರೆ ನಿಲ್ಲದೆ. ಹಿತ್ತಲಿಗೆ ಇಳಿಯಲು ಅಲ್ಲಿ ಹಳೆಯ ಕಲ್ಲಿನ ಮೆಟ್ಟಿಲುಗಳಿವೆ. ನಾನು ಹಿಡಿದುಕೊಳ್ಳಲು ಓಡಿದೆ. ಅಷ್ಟರಲ್ಲಿ ಅಪ್ಪ ಬಾಗಿಲ ಚೌಕಟ್ಟು ಹಿಡಿದು ಒಂದೊಂದಾಗಿ ಇಳಿದು, ಬಚ್ಚಲ ಕಡೆ ಹೋಗಿ, ವಾಪಸು ಬಂದು, ಹಾಗೆಯೇ ಹತ್ತಿದ. ಹತ್ತುವಾಗ ಬಲಗಾಲು ಮೊದಲು ಮೇಲಿಟ್ಟು ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದ. ನನ್ನ ಪಕ್ಕದಿಂದಲೇ ಹಾದು ಹೋಗಿ ಮತ್ತೆ ತನ್ನ ಜಾಗದಲ್ಲಿ ಕೂತ.

"ಯಾವಾಗಿಂದ ಹಿಂಗೆ ಹತ್ತಿ ಇಳೀತಾರೆ ಅತ್ತಿಗೆ?"

"ಮೊದ್ಲಿಂದ್ಲೂ ಅಂಗೇ ಕಣಪ್ಪಾ. ಆಸ್ಪತ್ರೆಯಿಂದ ಬಂದ ಒಂದು ತಿಂಗ್ಳು ಹಿಡ್ಕಂತಿದ್ವಿ. ಆಮೇಲೆ ನಮ್ಮನ್ನ ಮುಟ್ಟಗೊಡಿಸ್ಲಿಲ್ಲ. ಬಚ್ಚಲು ಅಲ್ಲಿ ಐತೆ, ಹತ್ತಿ ಇಳೀದೆ ಇನ್ನೇನ್ ಮಾಡ್ತಾರೆ?"

"ನಾನು ಮನೆ ಕಟ್ಟಿಸ್ವಾಗ್ಲೂ?"

"ಹೂಂ. ಯಾಕೆ, ನಿಂಗೊತ್ತಿರ್ಲಿಲ್ವಾ?"

ನಾನು ಬಂದಾಗಲೆಲ್ಲ ಅಪ್ಪ ಎಲ್ಲೋ ಒಂದು ಕಡೆ ಕೂತಿರುತ್ತಿದ್ದ. ನಾನೂ ಎದುರಿಗೆ ಕೂರುತ್ತಿದ್ದೆ. ಕಾಫಿ ಕುಡಿದು ಬಸ್ಸಿನ ಹೊತ್ತಿಗೆ ಏಳುತ್ತಿದ್ದೆ. ಅವನಿಗೆ ಮೆಟ್ಟಿಲು ಹತ್ತಲಾಗದು ಎಂದು ನನಗೆ ಯಾರು ಹೇಳಿದರು? ಡಾಕ್ಟರು ಹೇಳಿದರೆಂದು ನೆನಪು. ಅದನ್ನೂ ಈಗ ನಂಬುವುದಿಲ್ಲ. ಅಪ್ಪನನ್ನು ಕೇಳಬಹುದಿತ್ತು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ, ಮಲಗಿದ್ದನೋ ಸುಮ್ಮನೆ ಮುಚ್ಚಿದ್ದನೋ ತಿಳಿಯಲಿಲ್ಲ.

ಮನೆ ಕಟ್ಟಿಸಿದ ಮೇಲೆ ಹೆಗಲ ಚೀಲದಲ್ಲಿ ಅಳತೆ ಟೇಪು ಇಟ್ಟುಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ. ಅತ್ತಿಗೆ ಒಳಗೆ ಹೋದಾಗ ಹಿತ್ತಲ ಮೆಟ್ಟಿಲುಗಳ ಎತ್ತರವನ್ನು ಒಂದೊಂದಾಗಿ ಅಳೆದೆ. ಮಧುಗಿರಿಗೆ ಬಂದವನೇ ಕಾಂಪೌಂಡಿನ ಮೂಲೆಯಲ್ಲಿ ಉಳಿದುಹೋಗಿದ್ದ ತಳಪಾಯದ ಕಲ್ಲನ್ನೂ ಅಳೆದೆ. ಒಂದೇ ಸಲ ಅಳೆದರೆ ನನಗೆ ಸಮಾಧಾನವಿಲ್ಲ, ಮತ್ತೊಮ್ಮೆ ಅಳೆದೆ. ಅಣ್ಣನ ಮನೆಯ ಹಿತ್ತಲ ಮೆಟ್ಟಿಲುಗಳಲ್ಲಿ ಒಂದೊಂದೂ ಆ ಒಂದು ವರಸೆ ಕಲ್ಲಿಗಿಂತ ಎತ್ತರವಾಗಿದೆ.